ಓಪನಿಂಗ್ ಅಭ್ಯಾಸ: ಹತ್ತನೇ ನಡೆಯ ಲೆಕ್ಕ

ಮಳೆ ಬಿಡುವು ಕೊಡದೆ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಹಾಗಿಲ್ಲ. ಹಾಗಾಗಿ ತೀರ್ಥಹಳ್ಳಿಯ ನಮ್ಮ ಮನೆ ಜಗಲಿಯಲ್ಲಿ ಈ ವಾರವೂ ಚೆಸ್ ಜೋರಾಗಿಯೇ ನಡೆಯಿತು.

ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳನ್ನು, ಬಾಯಿಪಾಠ ಮಾಡುವುದನ್ನು ಬಿಟ್ಟಿದ್ದೇನೆ. ಹತ್ತನೇ ನಡೆಗೆ ಬೋರ್ಡ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ: ನಡುವಿನ ಮನೆಗಳ ಮೇಲೆ ಹಿಡಿತ ಇದೆಯಾ, ಕುದುರೆ ಒಂಟೆಗಳು ಹೊರಗೆ ಬಂದವಾ, ಕ್ಯಾಸ್ಲಿಂಗ್ (ರಾಜನನ್ನು ಎರಡು ಮನೆ ಸರಿಸಿ ಆನೆಯನ್ನು ಅವನ ಆಚೆ ಪಕ್ಕಕ್ಕೆ ಇಡುವುದು) ಆಯ್ತಾ, ರಾಣಿ ಸುಮ್ನೆ ಅಲೆದಳಾ. ಮೊದಲಿಗಿಂತ ಈಗ ವಾಸಿ. ರಾಣಿಯ ಪಕ್ಕದ ಒಂಟೆ ಮಾತ್ರ ಇನ್ನೂ ಮನೆ ಬಿಟ್ಟು ಏಳಲು ಸೋಮಾರಿ.

ದೊಡ್ಡಪ್ಪನ ಜೊತೆ ಆಡಿದರೆ ಈ ಲೆಕ್ಕ ನಡೆಯುವುದಿಲ್ಲ. ಅವರು ಕಲಿತದ್ದು ಹಳೇ ಪದ್ಧತಿಯ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ಕ್ಯಾಸ್ಲಿಂಗ್ ಇಲ್ಲ, ಬದಲಿಗೆ ರಾಜ ಒಮ್ಮೆ ಕುದುರೆಯ ಹಾಗೆ ಹಾರಬಹುದು. ನಾನು ಇ4 (ಇ ಸಾಲಿನ ನಾಲ್ಕನೇ ಮನೆ; ಕಾಯಿಯ ಹೆಸರು ಹೇಳದಿದ್ದರೆ ಅದು ಕಾಲಾಳಿನ ನಡೆ) ಆಡಿದರೆ ಇವತ್ತಿಗೂ "ಎರಡು ಮನೆ ಯಾಕೆ ಹಾರಿತು ಮಾರಾಯ?" ಅನ್ನುತ್ತಾರೆ.

ನಿಜವಾದ ಪರೀಕ್ಷೆ ಶನಿವಾರ ಶಿವಮೊಗ್ಗದಿಂದ ಬಂದ ಅಕ್ಕನ ಮಗನದು. ಅವನು ಬಿಳಿ. ಇ4 ಇ5, ಕುದುರೆ ಎಫ್3, ನನ್ನ ಕುದುರೆ ಸಿ6, ಒಂಟೆ ಸಿ4, ನನ್ನ ಇನ್ನೊಂದು ಕುದುರೆ ಎಫ್6. ಆಗ ಅವನು ತನ್ನ ಎಫ್3ರ ಕುದುರೆಯನ್ನೇ ಜಿ5ಕ್ಕೆ ಎತ್ತಿಟ್ಟ. ಓಪನಿಂಗ್‌ನಲ್ಲಿ ಒಂದೇ ಕಾಯಿಯನ್ನು ಎರಡು ಸಲ ಆಡಬಾರದು ಅಲ್ವಾ? ಆದರೆ ಎಫ್7ಕ್ಕೆ ರಾಜನೊಬ್ಬನೇ ಕಾವಲು. ಅದರ ಮೇಲೆ ಈಗ ಕುದುರೆ, ಒಂಟೆ ಎರಡರದೂ ಕಣ್ಣು. ಡಿ5 ಆಡಿ ಒಂಟೆಯ ದಾರಿ ಮುಚ್ಚಿದೆ, ಅವನು ಕಾಲಾಳಿನಿಂದ ಹೊಡೆದ. ತಿರುಗಿ ಕುದುರೆಯಿಂದ ಹೊಡೆಯಲು ಕೈ ತುರಿಸುತ್ತದೆ. ಹೊಡೆದರೆ ಅವನ ಕುದುರೆ ಎಫ್7ರಲ್ಲಿ ಬಲಿಯಾಗಿ, ರಾಣಿ ಎಫ್3ರಿಂದ ಚೆಕ್ ಕೊಟ್ಟು, ನನ್ನ ರಾಜ ಬೋರ್ಡಿನ ನಡುವೆ ಬರಬೇಕಾಗುತ್ತದೆ. ಫ್ರೈಡ್ ಲಿವರ್ ದಾಳಿ ಅಂತಾರಲ್ಲ, ಅದೇ ಇದು.

ನಾನು ಸಿ6ರ ಕುದುರೆಯನ್ನು ಎ5ಕ್ಕೆ ಇಟ್ಟೆ. ಇದೂ ಎರಡನೇ ಸಲದ ನಡೆ, ಅದೂ ಅಂಚಿನ ಮನೆಗೆ. ಆದರೆ ಅವನ ಒಂಟೆ ಜಾಗ ಬಿಡಲೇಬೇಕು. ಬಿ5ರಿಂದ ಚೆಕ್ ಕೊಟ್ಟಿತು, ನಾನು ಸಿ6, ಕಾಲಾಳುಗಳು ಹೊಡೆದಾಡಿದವು, ಒಂಟೆ ಇ2ಕ್ಕೆ ಹಿಂದೆ ಸರಿಯಿತು. ಎಚ್6 ಆಡಿ ಕುದುರೆಯನ್ನೂ ಓಡಿಸಿದೆ, ಎಫ್3ಕ್ಕೆ ಬಂದಾಗ ಇ4 ಆಡಿ ಮತ್ತೆ ಇ5ಕ್ಕೆ ಅಟ್ಟಿದೆ. ಅಲ್ಲಿಗೆ ಅವನದು ಹತ್ತು ನಡೆ. ಒಂದು ಕಾಲಾಳು ಅವನಿಗೆ ಲಾಭ, ನಿಜ. ಆದರೆ ಕಾಲಾಳು ಬಿಟ್ಟರೆ ಅವನ ಕಡೆ ಓಡಾಡಿದ್ದು ಒಂದೇ ಕುದುರೆ, ಒಂದೇ ಒಂಟೆ. ಕ್ಯಾಸ್ಲಿಂಗೂ ಆಗಿಲ್ಲ. ನನ್ನ ನೋಟ್‌ಬುಕ್ಕಿನ ಪ್ರಶ್ನೆಗಳನ್ನು ಅವನಿಗೇ ಕೇಳಬೇಕಿತ್ತು!

ಅಷ್ಟರಲ್ಲಿ ಊಟಕ್ಕೆ ಕರೆದರು, ಆಟ ಅಲ್ಲಿಗೇ ನಿಂತಿತು. ಮುಂದೆ ಒಂಟೆ ಡಿ6 ಆಡಿ, ಬೇಗ ಕ್ಯಾಸ್ಲಿಂಗ್ ಮಾಡಿ ನೋಡುವ ಯೋಚನೆ ಇದೆ. ಅವನೂ ಏನೋ ಓದಿಕೊಳ್ಳುತ್ತಿದ್ದಾನೆ ಅಂತ ಅಕ್ಕ ಫೋನಿನಲ್ಲಿ ಹೇಳಿದಳು.