ರೆನಾಟಾ ತೆಬಾಲ್ದಿಯನ್ನು ಹುಡುಕಿಕೊಂಡು ಹೋಗುವವರಿಗೆ

ಒಪೆರಾ ಅಂದರೆ ಮಿಲಾನ್‌ನ ಲಾ ಸ್ಕಾಲಾ ರಂಗಮಂದಿರ, ಅಷ್ಟೇ ಅಂದುಕೊಂಡು ಇಟಲಿಗೆ ಹೋಗುವವರೇ ಜಾಸ್ತಿ. ಇಟಲಿಯ ಒಪೆರಾ ಗಾಯಕಿ ರೆನಾಟಾ ತೆಬಾಲ್ದಿ ಅವರ ರೆಕಾರ್ಡು ಕೇಳಿ ಮರುಳಾದವರು ಅಲ್ಲಿಗೇ ನಿಲ್ಲಿಸಬೇಡಿ. ಅವರ ಬದುಕಿನ ಗುರುತುಗಳು ಉಳಿದಿರುವುದು ಪಾರ್ಮಾ ಸುತ್ತಲಿನ ಸಣ್ಣ ಊರುಗಳಲ್ಲಿ. ಪಾರ್ಮಾದಲ್ಲಿ ರೂಮು ಹಿಡಿಯಿರಿ. ಮಿಲಾನ್‌ಗಿಂತ ಖರ್ಚು ಕಡಿಮೆ, ಊರೆಲ್ಲ ನಡೆದೇ ಸುತ್ತಬಹುದು.

ವೀಸಾ ಅರ್ಜಿಯನ್ನು ಬೆಂಗಳೂರಿನಲ್ಲೇ ಕೊಡಬಹುದು. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ತೆಗೆದುಕೊಳ್ಳುತ್ತಾರೆ. ಕೊನೇ ಗಡುವು 15 ದಿನ ಅಂತ ನಿಯಮ ಇದ್ದರೂ ಅದನ್ನು ನಂಬಿ ಕೂರಬೇಡಿ. ವಿಮೆ ಕನಿಷ್ಠ 30,000 ಯೂರೊದ್ದಿರಬೇಕು.

ಮಿಲಾನ್‌ನಲ್ಲಿ ಇಳಿದರೆ ಅರ್ಧ ದಿನ ಲಾ ಸ್ಕಾಲಾ ಮ್ಯೂಸಿಯಂಗೆ ಕೊಡಿ. ಅದೇ ಟಿಕೆಟ್‌ನಲ್ಲಿ ಬಾಕ್ಸ್‌ಗಳಿಂದ ಸಭಾಂಗಣವನ್ನೂ ಇಣುಕಬಹುದು, ಆದರೆ ರಿಹರ್ಸಲ್ ನಡೆಯುತ್ತಿದ್ದರೆ ಬಿಡುವುದಿಲ್ಲ. 1943ರ ಆಗಸ್ಟ್‌ನಲ್ಲಿ ಬಾಂಬ್ ಬಿದ್ದು ಈ ರಂಗಮಂದಿರ ಹಾಳಾಗಿತ್ತು. ಕಟ್ಟಿ ಮುಗಿಸಿ 1946ರ ಮೇ 11ರಂದು ಮತ್ತೆ ಬಾಗಿಲು ತೆರೆದಾಗ ವಾದ್ಯವೃಂದ ನಡೆಸಿದ್ದು ತೋಸ್ಕನೀನಿ. ಅವರು ಆ ಕಛೇರಿಗೆ ಆರಿಸಿಕೊಂಡ ಗಾಯಕಿಯರಲ್ಲಿ 24 ವರ್ಷದ ತೆಬಾಲ್ದಿ ಒಬ್ಬರು. 'ದೇವದೂತೆಯ ಕಂಠ' ಎಂಬ ಬಿರುದು ಅಂಟಿಕೊಂಡಿದ್ದೂ ಆಗಿನಿಂದಲೇ. ರಂಗಕ್ಕೆ ಬಂದು ಆಗಿನ್ನೂ 2 ವರ್ಷ. 1944ರಲ್ಲಿ, ಯುದ್ಧದ ನಡುವೆಯೇ, ರೊವಿಗೊ ಊರಿನಲ್ಲಿ ಬೊಯಿತೊ ರಚಿಸಿದ 'ಮೆಫಿಸ್ತೊಫೆಲೆ' ಒಪೆರಾದಲ್ಲಿ ಎಲೆನಾ ಪಾತ್ರ ಹಾಡಿದ್ದು ಅವರ ಮೊದಲ ಪ್ರದರ್ಶನ.

ಮಿಲಾನ್‌ನಿಂದ ಪಾರ್ಮಾಕ್ಕೆ ನೇರ ರೈಲುಗಳಿವೆ. ರೀಜನಲ್ ರೈಲಿನ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮೆಷಿನ್‌ಗೆ ತೋರಿಸಿ ಮುದ್ರೆ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ ಕಟ್ಟಬೇಕು.

ಈ ಪ್ರವಾಸದ ಮುಖ್ಯ ಊರು ಬುಸ್ಸೆತೊ. ಪಾರ್ಮಾದಿಂದ ಫಿದೆಂಜಾಕ್ಕೆ ಹೋಗಿ ಕ್ರೆಮೋನಾ ಕಡೆಯ ರೈಲು ಹಿಡಿಯಬೇಕು. ಭಾನುವಾರ ಗಾಡಿಗಳು ಕಡಿಮೆ, ವಾಪಸ್ ಬರುವ ಹೊತ್ತನ್ನು ಬೆಳಗ್ಗೆಯೇ ಬರೆದಿಟ್ಟುಕೊಳ್ಳಿ. ಇಲ್ಲಿನ ವಿಲ್ಲಾ ಪಲ್ಲವಿಚಿನೊ ಎಂಬ ಹಳೆಯ ಬಂಗಲೆಯ ಕುದುರೆ ಲಾಯದಲ್ಲಿ 2014ರಿಂದ ತೆಬಾಲ್ದಿ ಮ್ಯೂಸಿಯಂ ಇದೆ. ರಂಗದ ಉಡುಪು, ಆಭರಣ, ಪತ್ರ, ಫೋಟೊ ಎಲ್ಲ ಒಟ್ಟಿಗೆ ಸಿಗುವ ಜಾಗ ಇದೊಂದೇ. ಉಡುಪುಗಳ ಮುಂದೆ ನಿಂತರೆ ಅವರೆಷ್ಟು ಎತ್ತರದ ಹೆಂಗಸು ಅಂತ ಗೊತ್ತಾಗುತ್ತದೆ. 3ನೇ ವಯಸ್ಸಿನಲ್ಲಿ ಪೋಲಿಯೊ ಬಂದಿದ್ದ ಹುಡುಗಿ ಅನ್ನುವುದು ನೆನಪಿದ್ದರೆ ನೋಡುವ ಕಣ್ಣೇ ಬದಲಾಗುತ್ತದೆ. ಓಡಾಡಿ ಆಡಲಾಗದೆ ಪಿಯಾನೊ ಕಲಿಯಲು ಕೂತ ಮಗು, ಆಮೇಲೆ ಹಾಡಿನ ಕಡೆ ತಿರುಗಿತು.

ಒಂದು ಎಚ್ಚರಿಕೆ. ಹಳೆಯ ಪ್ರವಾಸ ಬರಹಗಳಲ್ಲಿ ಈ ವಸ್ತುಗಳೆಲ್ಲ ತೊರ್ರೆಕಿಯಾರಾ ಕೋಟೆಯಲ್ಲಿವೆ ಅಂತ ಇರುತ್ತದೆ. ಮೊದಲು ಅಲ್ಲಿ ಪ್ರದರ್ಶನ ಇತ್ತು ನಿಜ. ಈಗ ಬುಸ್ಸೆತೊಗೇ ಹೋಗಬೇಕು. ತೆರೆಯುವ ದಿನ, ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತವೆ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವುದು ಇಲ್ಲಿನ ಮಾಮೂಲಿ. ಹೊರಡುವ ಮುಂಚೆ ಒಂದು ಇಮೇಲ್ ಹಾಕಿ ಕೇಳಿಕೊಳ್ಳಿ.

ಬುಸ್ಸೆತೊ ಒಪೆರಾ ಸಂಯೋಜಕ ವೆರ್ದಿಯ ಊರು ಕೂಡ. ನಡುವೆ 300 ಸೀಟಿನ ಪುಟ್ಟ ರಂಗಮಂದಿರ ಇದೆ. 1868ರಲ್ಲಿ ತೆರೆದದ್ದು, ಹೆಸರೂ ವೆರ್ದಿಯದೇ. ಅದಕ್ಕೆ 10,000 ಲೀರಾ ಕೊಟ್ಟ ಆ ಮನುಷ್ಯ ಒಳಗೆ ಮಾತ್ರ ಕಾಲಿಡಲಿಲ್ಲ! ಅವರು ಹುಟ್ಟಿದ ಮನೆ ಹತ್ತಿರದ ರೊಂಕೊಲೆಯಲ್ಲಿದೆ. ಬಾಡಿಗೆ ಸೈಕಲ್ ಸಿಕ್ಕರೆ ಆರಾಮಾಗಿ ಹೋಗಿ ಬರಬಹುದು, ದಾರಿ ಪೂರ್ತಿ ಸಮತಟ್ಟು.

ಇನ್ನು ಲಂಗಿರಾನೊ. ತೆಬಾಲ್ದಿ ಹುಟ್ಟಿದ್ದು 1922ರ ಫೆಬ್ರವರಿ 1ರಂದು ಪೆಸಾರೊದಲ್ಲಿ. ಆದರೆ ಬೆಳೆದದ್ದು ಇಲ್ಲಿ, ತಾಯಿಯ ಜೊತೆ. ತಂದೆ ಚೆಲ್ಲೊ ನುಡಿಸುತ್ತಿದ್ದರು, ಸಂಸಾರ ಉಳಿಯಲಿಲ್ಲ. ತಾಯಿ ಜುಸೆಪ್ಪಿನಾ ಮಗಳ ಜೊತೆ ಊರೂರು ತಿರುಗಿದವರು. 1957ರಲ್ಲಿ ಅವರು ತೀರಿಕೊಂಡಾಗ ಮಗಳು ಕುಸಿದುಹೋಗಿ ಕಾರ್ಯಕ್ರಮಗಳನ್ನೇ ರದ್ದು ಮಾಡಿದರು. 2004ರ ಡಿಸೆಂಬರ್ 19ರಂದು ತೆಬಾಲ್ದಿ ಸಾನ್ ಮರೀನೊದಲ್ಲಿ ತೀರಿಕೊಂಡರು. ಸಮಾಧಿ ಇರುವುದು ಲಂಗಿರಾನೊಗೆ ಸೇರಿದ ಮತ್ತಲೆತೊದ ಸ್ಮಶಾನದಲ್ಲಿ. ಗಲಾಟೆ ಇಲ್ಲದ ಜಾಗ, ಗೈಡ್ ಯಾರೂ ಇರುವುದಿಲ್ಲ. ಪಾರ್ಮಾದಿಂದ ಬಸ್ ಇದೆ. ಟಿಕೆಟನ್ನು ತಂಬಾಕು ಅಂಗಡಿಯಲ್ಲೇ ಕೊಂಡುಬಿಡಿ. ತೊರ್ರೆಕಿಯಾರಾ ಕೋಟೆಯೂ ಇದೇ ದಾರಿಯಲ್ಲಿದೆ. 15ನೇ ಶತಮಾನದ್ದು, ಮೇಲಿನ ಚಿನ್ನದ ಕೋಣೆಯ ಚಿತ್ರಗಳನ್ನು ಬಿಡಬೇಡಿ.

ಸಸ್ಯಾಹಾರಿಗಳು ಸ್ವಲ್ಪ ಹುಷಾರು. ಲಂಗಿರಾನೊ ಇಡೀ ಒಣಗಿಸಿದ ಹಂದಿಮಾಂಸದ ಊರು. ಪಾರ್ಮಾ ಚೀಸ್‌ಗೂ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಗೆಳತಿಗೆ ಈ ವಿಷಯ ತಿಳಿದದ್ದೇ ತಟ್ಟೆ ಪಕ್ಕಕ್ಕೆ ಸರಿಸಿಬಿಟ್ಟಳು. ಸೊಪ್ಪು, ರಿಕೊತ್ತಾ ತುಂಬಿದ 'ತೊರ್ತೆಲ್ಲಿ ದೆರ್ಬೆತ್ತಾ' ಚೆನ್ನಾಗಿರುತ್ತದೆ, ಆದರೆ ಅದರಲ್ಲೂ ಆ ಚೀಸ್ ಇರುತ್ತದೆ. ಪೂರಿಯ ಹಾಗೆ ಕಾಣುವ 'ತೊರ್ತಾ ಫ್ರಿತ್ತಾ'ವನ್ನು ಹಂದಿ ಕೊಬ್ಬಿನಲ್ಲಿ ಕರಿಯುವವರಿದ್ದಾರೆ, ಕೇಳಿ ತಿನ್ನಿ. ರಾತ್ರಿ ಏಳೂವರೆಗೆ ಮೊದಲು ಹೋಟೆಲುಗಳಲ್ಲಿ ಊಟ ಸಿಗುವುದು ಕಷ್ಟ.

ಹೋಗುವ ಮೊದಲು ಒಂದಿಷ್ಟು ಕೇಳಿಕೊಂಡು ಹೋದರೆ ಒಳ್ಳೆಯದು. ಸುಮ್ನೆ ಎಲ್ಲವನ್ನೂ ಕೇಳಬೇಕಿಲ್ಲ. ವೆರ್ದಿಯ 'ಒಥೆಲೊ' ಒಪೆರಾದ ಕೊನೆಯ ಅಂಕದ ದೆಸ್ದೆಮೋನಾ ಸಾಕು. 1955ರ ಜನವರಿ 31ರಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ (ಮೆಟ್) ಅವರು ಮೊದಲು ಹಾಡಿದ್ದು ಈ ಪಾತ್ರವನ್ನೇ. 1973ರಲ್ಲಿ ಅಲ್ಲಿ ಕೊನೆಯದಾಗಿ ಹಾಡಿದ್ದೂ ಇದೇ. ಅದೇ ಕಾಲದ ಇನ್ನೊಬ್ಬ ಹೆಸರಾಂತ ಗಾಯಕಿ ಮರಿಯಾ ಕಾಲಸ್ ಜೊತೆಗಿನ ಜಗಳದ ಕಥೆಯನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಪತ್ರಿಕೆಗಳೂ ಅಭಿಮಾನಿಗಳೂ ಸೇರಿ ಅದನ್ನು ಬೇಕಾದ್ದಕ್ಕಿಂತ ಉಬ್ಬಿಸಿದರು ಅನ್ನುವುದು ನನ್ನ ಅಭಿಪ್ರಾಯ. 1968ರಲ್ಲಿ ಮೆಟ್‌ನಲ್ಲಿ ತೆಬಾಲ್ದಿಯ 'ಅದ್ರಿಯಾನಾ ಲೆಕುವ್ರೂರ್' ಮುಗಿದ ಮೇಲೆ ಕಾಲಸ್ ರಂಗದ ಹಿಂದೆ ಬಂದು ಅಪ್ಪಿಕೊಂಡಿದ್ದರು. ಅಲ್ಲಿಗೆ ಮುಗಿಯಿತಲ್ವಾ?

ಪಾರ್ಮಾದಲ್ಲೇ ಒಪೆರಾ ನೋಡಬೇಕಿದ್ದರೆ ಸೆಪ್ಟೆಂಬರ್-ಅಕ್ಟೋಬರ್‌ನ ವೆರ್ದಿ ಉತ್ಸವಕ್ಕೆ ಹೋಗಿ. ಅಲ್ಲಿನ ರಂಗಮಂದಿರ ತೆಯಾತ್ರೊ ರೆಜಿಯೊದ ಮೇಲಿನ ಗ್ಯಾಲರಿ ಟಿಕೆಟ್ ಅಗ್ಗ. ಅಲ್ಲಿ ಕೂರುವವರು ಹಾಡು ಕೆಟ್ಟರೆ ಮುಲಾಜಿಲ್ಲದೆ ಕೂಗುವುದಕ್ಕೆ ಹೆಸರುವಾಸಿ. ನವೆಂಬರ್ ಆದ ಮೇಲೆ ಪೊ ನದಿಯ ಬಯಲಲ್ಲಿ ಮಂಜು ದಟ್ಟ, ಆಗಸ್ಟ್‌ನಲ್ಲಿ ಸೆಕೆ, ಸೊಳ್ಳೆ. ಸಮಯ ಉಳಿದವರು ಪೆಸಾರೊಗೂ ಹೋಗಬಹುದು. ಕಾರ್ಮೆನ್ ಮೆಲಿಸ್ ಬಳಿ ತೆಬಾಲ್ದಿ ಹಾಡು ಕಲಿತದ್ದು ಅಲ್ಲಿ. ಆದರೆ ಆಗಸ್ಟ್‌ನಲ್ಲಿ ಅಲ್ಲಿ ಸಂಯೋಜಕ ರೊಸ್ಸಿನಿಯ ಹೆಸರಿನ ಒಪೆರಾ ಉತ್ಸವ, ರೂಮಿನ ಬಾಡಿಗೆ ಏರಿರುತ್ತದೆ. ಜೂನ್‌ನಲ್ಲಿ ಹೋದರೆ ಸಮುದ್ರದಲ್ಲೂ ಇಳಿಯಬಹುದು.