ಮಾಮ ತೋಟದಲ್ಲಿ ಸಾಯಿಸೋದು, ಹುಡುಗ ಮನೇಲಿ ಸಾಕೋದು

ನಮ್ಮಣ್ಣಂದು ಚನ್ನಗಿರಿ ಕಡೆ ಅಡಿಕೆ ತೋಟ. ದಾವಣಗೆರೆಗೆ ಬಂದ್ರೆ ಗೊಬ್ಬರದ ಅಂಗಡಿ, ಪೈಪಿನ ಅಂಗಡಿ, ಆಮೇಲೆ ನಮ್ಮನೇಲಿ ಊಟ, ಇಷ್ಟೇ ಅವನ ರೂಟು. ಆ ಭಾನುವಾರನೂ ಹಂಗೇ ಬಂದ. ಕೈ ತೊಳೆಯೋಕೆ ಅಂತ ಹಿಂದಗಡೆ ಹೋದೋನು ಹಳೇ ಫಿಶ್ ಟ್ಯಾಂಕ್ ಮುಂದೆ ನಿಂತೇಬಿಟ್ಟ. "ಏನವ್ವ ಇದು, ಮಳೆಗಾಲ ಬಂದ್ರೆ ರಾತ್ರಿ ಬ್ಯಾಟ್ರಿ ಹಿಡ್ಕಂಡು ಬಕೆಟ್‌ಗಟ್ಲೆ ಈ ಬಸವನಹುಳುಗಳನ್ನ ಆರಿಸ್ತೀನಿ ನಾನು, ನೀವು ನೋಡಿದ್ರೆ ಸೌತೆಕಾಯಿ ಹೆಚ್ಚಿ ತಿನ್ನಿಸ್ತಿದೀರಲ್ಲ!"

ವಿಷಯ ಏನಪ್ಪಾ ಅಂದ್ರೆ, ನರ್ಸರಿಯಿಂದ ತಂದ ಗಿಡದ ಮಣ್ಣಿನ ಜೊತೆ ಬಂದಿದ್ದ ಸಣ್ಣ ಬಸವನಹುಳುಗಳನ್ನ ನನ್ನ ಮಗ ಟ್ಯಾಂಕಿಗೆ ಹಾಕ್ಕೊಂಡು ಸಾಕ್ತಿದ್ದ, ಅವು ನೋಡ್ತಾ ನೋಡ್ತಾ ಬೆರಳುದ್ದ ಆದ್ವು. ಚೂಪು ತುದಿ, ಕಂದು ಪಟ್ಟೆ, ಅಣ್ಣ ನೋಡಿದ ತಕ್ಷಣ ಆಫ್ರಿಕಾದ್ದು ಅಂದ. ಇದನ್ನ ನಮ್ಮ ದೇಶಕ್ಕೆ ತಂದಿದ್ದೇ ಒಬ್ಬ ಶಂಖ ಚಿಪ್ಪುಗಳ ಹುಚ್ಚಿನ ಬ್ರಿಟಿಷ್ ಅಧಿಕಾರಿ, ವಿಲಿಯಂ ಬೆನ್ಸನ್ ಅಂತ, 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಾಕ್ಕೆ. ಅಮೆರಿಕದಲ್ಲಿ ಇದನ್ನ ಮನೇಲಿ ಸಾಕೋದೇ ನಿಷೇಧ. ಇಷ್ಟೆಲ್ಲ ಕೇಳಿದ ಮೇಲೆ ಅಣ್ಣ ಟ್ಯಾಂಕ್ ಸಮೇತ ಎತ್ತಿ ಎಸೀತಾನೆ ಅಂದ್ಕೊಂಡಿದ್ದೆ, ಆದ್ರೆ ಅವನು ಒಂದು ಸ್ಟೂಲ್ ಎಳ್ಕೊಂಡು ಕೂತ.

"ಪಪ್ಪಾಯಿ ಎಲೆ ಹಾಕಿದೀಯೇನೋ?" ಅಂತ ಕೇಳಿದ. ಹುಡುಗ ಇಲ್ಲ ಮಾಮ ಅಂದ. "ಹಸೀದು ಹಾಕ್ಬ್ಯಾಡ, ಬಾಡಿರ್ಬೇಕು, ನಾವು ತೋಟದಲ್ಲಿ ಗೋಣಿಚೀಲ ನೆನೆಸಿ ಅದರ ಕೆಳಗೆ ಬಾಡಿದ ಪಪ್ಪಾಯಿ ಎಲೆ, ಕೋಸಿನ ಎಲೆ ಇಡ್ತೀವಿ, ಬೆಳಗ್ಗೆ ಚೀಲ ಎತ್ತಿದ್ರೆ ಅಷ್ಟೂ ಅಲ್ಲೇ ಕೂತಿರ್ತವೆ." ಹಿಡಿದ ಮೇಲೆ ಉಪ್ಪುನೀರಿಗೆ ಹಾಕ್ತೀವಿ ಅನ್ನೋದನ್ನೂ ಹೇಳೋಕೆ ಹೊರಟಿದ್ದ, ನಾನು ಕಣ್ಣು ಬಿಟ್ಟೆ, ಸುಮ್ನಾದ.

ಸುಳ್ಳು ಹೇಳಲ್ಲ, ಆ ಮಧ್ಯಾಹ್ನ ನನಗೂ ನೋಡಬೇಕು ಅನ್ಸ್ತು. ಪಕ್ಕದ ಮನೆಯಿಂದ ಪಪ್ಪಾಯಿ ಎಲೆ ತಂದು ಬಿಸಿಲಲ್ಲಿಟ್ಟು ಬಾಡಿಸಿ ಟ್ಯಾಂಕಿನ ಒಂದು ಮೂಲೆಗೆ ಹಾಕಿದ್ವಿ, ಇನ್ನೊಂದು ಮೂಲೇಲಿ ಸೌತೆಕಾಯಿ. ಸಂಜೆ ಲೈಟ್ ಆಫ್ ಮಾಡಿ ಸ್ವಲ್ಪ ನೀರು ಸ್ಪ್ರೇ ಮಾಡಿದ್ವಿ, ಯಾಕಂದ್ರೆ ಇವು ಕತ್ತಲಾಗಿ ತೇವ ಇದ್ರೇನೆ ಓಡಾಡೋದು. ಮೇಲಿನ ಎರಡು ಉದ್ದ ಕೋಡಿನ ತುದೀಲಿ ಕಣ್ಣು, ಆದ್ರೆ ಅದ್ರಲ್ಲಿ ಬೆಳಕು ಕತ್ತಲೆ ಬಿಟ್ಟು ಹೆಚ್ಚೇನೂ ಗೊತ್ತಾಗಲ್ಲ, ಊಟ ಹುಡುಕೋದೆಲ್ಲ ವಾಸನೆ ಮೇಲೆ, ಹತ್ರ ಬಂದಾಗ ಕೆಳಗಿನ ಚಿಕ್ಕ ಕೋಡು ತಾಗಿಸಿ ತಾಗಿಸಿ ನೋಡ್ತವೆ. ದೊಡ್ಡದು ಸೌತೆಕಾಯಿ ಪಕ್ಕದಲ್ಲೇ ಇದ್ದಿದ್ದು, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸಿ, ತಿರುಗಿ ಪಪ್ಪಾಯಿ ಎಲೆ ಕಡೆ ಹೊರಡ್ತು. ಅಣ್ಣ ಗೆದ್ದೋನ ಥರ ನನ್ನ ಮುಖ ನೋಡಿದ.

ತಿನ್ನೋದನ್ನ ಗಾಜಿನ ಮೇಲೆ ನೋಡ್ಬೇಕು. ಸೌತೆಕಾಯಿ ತಿರುಳನ್ನ ಗಾಜಿಗೆ ಒಳಗಡೆಯಿಂದ ಸವರಿದ್ರೆ ಅಲ್ಲಿಗೇ ಹತ್ತುತ್ತೆ, ಆಗ ಬಾಯಿ ಕೆಳಗಡೆಯಿಂದ ಸರಿಯಾಗಿ ಕಾಣ್ಸುತ್ತೆ. ಸಣ್ಣದಾಗಿ ತೆರೆಯುತ್ತೆ, ಒಳಗಿಂದ ನಾಲಿಗೆ ಥರದ್ದು ಬಂದು ಕೆರೆದು ಒಳಗೆ ಹೋಗುತ್ತೆ, ಮತ್ತೆ ತೆರೆಯುತ್ತೆ. ಆ ನಾಲಿಗೆ ಮೇಲೆ ಸಾವಿರಾರು ಹಲ್ಲು ಸಾಲಾಗಿ ಇರ್ತವಂತೆ, ಸವೆದ ಹಾಗೆ ಹೊಸದು ಹುಟ್ಟುತ್ತವೆ. ಕ್ಯಾರೆಟ್ ಹಾಕಿದ್ರೆ ಹಿಕ್ಕೆ ಕೇಸರಿ ಬಣ್ಣ, ಸೊಪ್ಪು ಹಾಕಿದ್ರೆ ಹಸಿರು, ಅದೂ ತಲೆ ಪಕ್ಕದಲ್ಲೇ ಚಿಪ್ಪಿನ ಅಂಚಿಂದ ಹೊರಗೆ ಬರುತ್ತೆ. ನಮ್ಮತ್ತೆ ಇದನ್ನ ನೋಡಿದ ದಿನ ಊಟ ಬೇಡ ಅಂದಿದ್ರು.

ಚಿಪ್ಪಿಗೆ ಸುಣ್ಣದ ಅಂಶ ಬೇಕೇ ಬೇಕು. ಊರಲ್ಲಿ ನಮ್ಮ ಹಳೇ ಮನೆ ಸುಣ್ಣದ ಗೋಡೆಗೆ ಮಳೆಗಾಲದಲ್ಲಿ ಇವು ಸಾಲಾಗಿ ಹತ್ತೋದು ಅದಕ್ಕೇ ಅಂತ ಅಣ್ಣ ಹೇಳಿದ, ಸುಣ್ಣ ಸಿಗದಿದ್ರೆ ಪಕ್ಕದ ಹುಳದ ಚಿಪ್ಪನ್ನೇ ಕೆರೀತವೆ. ನಮ್ಮದು ಮೊಟ್ಟೆ ತರದ ಮನೆ, ಹಂಗಾಗಿ ಹುಡುಗ ಎಗ್‌ರೈಸ್ ಗಾಡಿಯವರ ಹತ್ರ ಸಿಪ್ಪೆ ಇಸ್ಕೊಂಡು ಬಂದು ತೊಳೆದು ಒಣಗಿಸಿ ಪುಡಿ ಮಾಡ್ತಾನೆ, ಅತ್ತೆ ಕಣ್ಣಿಗೆ ಬೀಳದ ಹಾಗೆ ಟೆರೇಸ್ ಮೇಲೆ. ಮಂಡಕ್ಕಿ ಹಾಕಲಾ ಅಂತ ಒಂದ್ಸಲ ಕೇಳಿದ್ದ, ದಾವಣಗೆರೆ ಹುಡುಗ ನೋಡಿ, ಆದ್ರೆ ಅದ್ರಲ್ಲಿ ಉಪ್ಪು ಇರುತ್ತೆ, ಉಪ್ಪು ತಾಗಿದ್ರೆ ಮೈಯಲ್ಲಿರೋ ನೀರೆಲ್ಲ ಹೊರಗೆ ಎಳ್ದು ಸಾಯ್ತವೆ.

ಏಪ್ರಿಲ್ ಬಿಸಿಲಲ್ಲಿ ಅಷ್ಟೂ ಚಿಪ್ಪಿನೊಳಗೆ ಹೋಗಿ ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಕೊಂಡು ಬಿದ್ದಿದ್ವು, ಸತ್ತೇ ಹೋದ್ವು ಅಂತ ಹುಡುಗ ಅತ್ತಿದ್ದ, ಆಮೇಲೆ ನೀರು ಬಿದ್ದ ಮೇಲೆ ಒಂದೊಂದಾಗಿ ಎದ್ವು. ಅದನ್ನ ಹೇಳಿದ್ರೆ ಅಣ್ಣ, "ನಾವೂ ಬೇಸಿಗೇಲಿ ಹೋದ್ವು ಅಂದ್ಕೊಂಡು ಮೋಸ ಹೋಗದು ಹಿಂಗೇ, ಒಂದು ಮಳೆ ಬಿದ್ರೆ ಸಾಕು" ಅಂದ.

ಹೊರಡೋ ಮುಂಚೆ ಅಣ್ಣ ಟ್ಯಾಂಕಿನ ಮಣ್ಣು ಕೆದಕಿಸಿದ. ಸಬ್ಬಕ್ಕಿಯಂಥ ಮೊಟ್ಟೆಗಳ ಗುಡ್ಡೆನೇ ಇತ್ತು. ಇವುಗಳಲ್ಲಿ ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ, ಒಂದ್ಸಲಕ್ಕೆ ನೂರಾರು ಇಡ್ತವೆ. ಅಣ್ಣ ಅದೊಂದಕ್ಕೆ ಮಾತ್ರ ಬಗ್ಗಲಿಲ್ಲ: ಮೊಟ್ಟೆ ಕುದಿಯೋ ನೀರಿಗೆ, ಟ್ಯಾಂಕಿನ ಮುಚ್ಚಳ ಭದ್ರ, ಒಂದೂ ಹೊರಗೆ ಬಿಡೋ ಹಾಗಿಲ್ಲ, ಮುಟ್ಟಿದ ಮೇಲೆ ಸೋಪ್ ಹಾಕಿ ಕೈ ತೊಳೀಬೇಕು, ಇಲಿಯಿಂದ ಬರೋ ಒಂದು ಹುಳ ಇವುಗಳ ಮೈಯಲ್ಲೂ ಇರಬಹುದು, ಅದು ಮನುಷ್ಯರ ಮೆದುಳಿಗೆ ಹೋಗುತ್ತೆ. ಫ್ರೀಜರ್‌ನಲ್ಲಿ ಇಟ್ರೂ ಮೊಟ್ಟೆ ಸಾಯ್ತವೆ ಅಂದ, ಅತ್ತೆ ಇರೋ ಮನೇಲಿ ಆ ಮಾತೇ ಬೇಡ ಅಂದೆ.

ಈಗ ಅಣ್ಣ ನನಗೆ ಫೋನ್ ಮಾಡಿದ್ರೆ ಎರಡು ನಿಮಿಷ, ಆಮೇಲೆ ಹುಡುಗನಿಗೆ ಕೊಡು ಅಂತಾನೆ. "ಏನ್ ಹಾಕಿದ್ಯೋ ಈ ವಾರ, ಯಾವ್ದಕ್ಕೆ ಮೊದ್ಲು ಬಂದ್ವು?" ಮೊದಮೊದಲು ಇವನು ಖುಷಿಯಾಗಿ ಎಲ್ಲಾ ಹೇಳ್ತಿದ್ದ. ಮಾಮ ಅದನ್ನೇ ಗೋಣಿಚೀಲದ ಕೆಳಗೆ ಇಡ್ತಾರೆ ಅಂತ ಗೊತ್ತಾದ ಮೇಲೆ "ಯಾವ್ದಕ್ಕೂ ಬರ್ಲಿಲ್ಲ ಮಾಮ, ಮಲಗಿದ್ವು" ಅಂತ ಸುಳ್ಳು ಹೇಳಿ ಫೋನ್ ನನ್ನ ಕೈಗೆ ಕೊಟ್ಟು ಹೋಗ್ತಾನೆ.