ಕಾಳಿ ದಂಡೆಯಲ್ಲಿ ಒಂದು ಹಲ್ಲಿನ ಪಾಠ

ಕಾರವಾರದಿಂದ ದಾಂಡೇಲಿಗೆ ಕದ್ರಾ, ಅಣಶಿ ಘಟ್ಟದ ದಾರಿಯಲ್ಲೇ ಹೋಗೋಣ ಎಂದು ಹಟ ಹಿಡಿದವಳು ಅಕ್ಕನ ಮಗಳು. ದಕ್ಷಿಣ ಅಮೆರಿಕದಲ್ಲಿ ಅಳಿದುಹೋದ ಕೈಮನ್ ಮೊಸಳೆಗಳನ್ನು ತಲೆಬುರುಡೆಯ ಪಳೆಯುಳಿಕೆಗಳಿಂದ ಗುರುತಿಸುವುದು ಅವಳ ಅಧ್ಯಯನ. ಮೊಸಳೆಯ ಹತ್ತಿರದ ಬಳಗವಾದ ಕೈಮನ್ ನಮ್ಮ ದೇಶದಲ್ಲಿಲ್ಲ. ಆದರೆ ಜೀವಂತ ಮೊಸಳೆಯ ತಲೆಯನ್ನು ಮನಸಾರೆ ನೋಡಲು ನಮ್ಮ ಜಿಲ್ಲೆಯಲ್ಲಿ ಕಾಳಿ ನದಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಜೋಯಿಡಾದಲ್ಲಿ ಚಹಾ ಕುಡಿದು ದಾಂಡೇಲಿ ತಲುಪುವಾಗ ಬಿಸಿಲು ಚೆನ್ನಾಗಿ ಏರಿತ್ತು.

ನದಿಯ ಬಂಡೆಗಳ ಮೇಲೆ ಮಗ್ಗರ್ ಮೊಸಳೆಗಳು ಮೈಚಾಚಿ ಮಲಗಿದ್ದವು. ಅವಳು ದುರ್ಬೀನು ನನ್ನ ಕೈಗಿತ್ತಳು. "ಬಾಯಿ ಮುಚ್ಚಿದೆ, ಆದರೂ ಕೆಳದವಡೆಯ ನಾಲ್ಕನೇ ಹಲ್ಲು ಹೊರಗೆ ಕಾಣುತ್ತದೆ, ನೋಡಿ ಮಾವ." ಮೇಲ್ದವಡೆಯ ಅಂಚಿನ ಕಚ್ಚಿನಲ್ಲಿ ಆ ಹಲ್ಲು ಬೆಳ್ಳಗೆ ಎದ್ದು ಕಂಡಿತು. ಕೈಮನ್‌ನಲ್ಲಾದರೆ ಅದು ಮೇಲ್ದವಡೆಯೊಳಗಿನ ಗುಳಿಗೆ ಸೇರಿ ಮರೆಯಾಗುತ್ತದೆ. ತಲೆಬುರುಡೆಯ ನೆತ್ತಿಯ ಮೇಲಿನ ಎರಡು ರಂಧ್ರಗಳೂ ಕೈಮನ್‌ಗಳಲ್ಲಿ ಕಿರಿದಾಗಿರುತ್ತವೆ, ಕೆಲವದರಲ್ಲಿ ಬೆಳೆಯುತ್ತಾ ಮುಚ್ಚಿಯೇ ಹೋಗುತ್ತವೆ.

ಅವಳ ಮಾತು ಅಲ್ಲಿಂದ ಅಮೆಜಾನಿಗೆ ಹಾರಿತು. ಪೆರುವಿನ ಇಕ್ಕಿಟೋಸ್ ಬಳಿ ಸುಮಾರು 1.3 ಕೋಟಿ ವರ್ಷಗಳ ಹಿಂದೆ ಮೊಸಳೆ ಬಳಗದ ಏಳು ಜಾತಿಗಳು ಒಟ್ಟಿಗೆ ಬದುಕಿದ್ದವೆಂದು 2015ರಲ್ಲಿ ಪ್ರಕಟವಾಯಿತು. ಅವುಗಳಲ್ಲೊಂದು ಗ್ನಾಟುಸೂಕಸ್. ಅದರ ಮೂತಿ ಸಲಿಕೆಯಂತೆ ಚಪ್ಪಟೆ, ಹಿಂದಿನ ಹಲ್ಲುಗಳು ಮೊಂಡು, ಚಿಪ್ಪಿನ ಜೀವಿಗಳನ್ನು ಅರೆಯಲು ಹೇಳಿ ಮಾಡಿಸಿದಂತಿವೆ. ಅದೇ ಬಳಗದ ದೈತ್ಯ ಪುರುಸ್ಸಾರಸ್‌ಗೆ 1892ರಲ್ಲಿ ಹೆಸರಿಟ್ಟಿದ್ದು ದವಡೆಯ ಆಧಾರದ ಮೇಲೆ! ತುಂಡು ಮೂಳೆ ಸಿಕ್ಕಾಗ ಹೆಸರಿಡುವುದು ಎಷ್ಟು ಜವಾಬ್ದಾರಿಯ ಕೆಲಸವೆಂದು ನನಗೆ ಹೊಳೆದದ್ದು ಆಗಲೇ.

ಏಕೆಂದರೆ ಎದುರಿಗೇ ಸಾಕ್ಷಿ ಇತ್ತು. ದೊಡ್ಡ ಮಗ್ಗರ್‌ನ ಪಕ್ಕದ ಬಂಡೆಯ ಮೇಲೆ ಒಂದು ಮರಿ: ತಲೆಗೆ ಹೋಲಿಸಿದರೆ ಕಣ್ಣು ದೊಡ್ಡದು, ಮೂತಿ ತೆಳು. ದೊಡ್ಡದರ ಮೂತಿ ಅಗಲ, ಗಡುಸು. ಈ ಎರಡರ ಬುರುಡೆಗಳಷ್ಟೇ ಕಲ್ಲಾಗಿ ಸಿಕ್ಕಿದರೆ ಎರಡು ಜಾತಿಗಳೆಂದು ಹೇಳಿಬಿಡುವ ಅಪಾಯವಿದೆ. ಮಣ್ಣಿನ ಭಾರಕ್ಕೆ ಜಜ್ಜಿಹೋಗಿ ಬದಲಾದ ಆಕಾರವೂ ದಾರಿ ತಪ್ಪಿಸುತ್ತದೆ. ಆದ್ದರಿಂದಲೇ ಅವಳು ಉದ್ದ-ಅಗಲಕ್ಕಿಂತ ಮೂಳೆಗಳು ಬೆಸೆದಿರುವ ಗೆರೆಗಳನ್ನು, ನೆತ್ತಿಯ ಹಿಂಭಾಗದ ಮೂಳೆ ಎಷ್ಟು ಹರಡಿದೆ ಎಂಬುದನ್ನು ಹೆಚ್ಚು ನಂಬುತ್ತಾಳೆ. ಅದು ಸರಿಯಾದ ಎಚ್ಚರಿಕೆ ಎಂದು ನನಗೂ ಅನಿಸಿತು.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಮೊಸಳೆ ನೀರಿಗೆ ಜಾರಿತು, ಮರಿ ಮಾತ್ರ ಅಲ್ಲೇ ಉಳಿಯಿತು. ಇವುಗಳನ್ನು ನೋಡಲು ಹೋಗುವವರು ಚಳಿಗಾಲದ ಬಿಸಿಲು ಏರುವ ಹೊತ್ತಿಗೆ ದುರ್ಬೀನು ಹಿಡಿದು ಹೋಗಿ, ನದಿಗೆ ಮಾತ್ರ ಇಳಿಯಬೇಡಿ.